ಜೀಪು ಹತ್ತಿ ಬರುವ ಸೂರ್ಯೋದಯ

ಪ್ರವಾಸದ ಜಾಹೀರಾತುಗಳಲ್ಲಿ ಈಚೆಗೆ ಒಂದು ಮಾತು ಚಲಾವಣೆಗೆ ಬಂದಿದೆ: ಬೆಟ್ಟ ಹತ್ತುವ ಕಷ್ಟವಿಲ್ಲದೆ ಸೂರ್ಯೋದಯ. ಇಂಡೋನೇಷ್ಯಾದ ಬಾಲಿ ದ್ವೀಪದಲ್ಲಿ ಬಾತೂರ್ ಎಂಬ ಜ್ವಾಲಾಮುಖಿಯಿದೆ. ಎತ್ತರ 1717 ಮೀಟರ್. ನಡುರಾತ್ರಿ ಕಳೆದ ಮೇಲೆ ಹೊರಟು, ಟಾರ್ಚು ಹಿಡಿದು ಎರಡು ಗಂಟೆ ಹತ್ತಿ, ತುದಿಯಲ್ಲಿ ಕುಳಿತು ಬೆಳಗಾಗುವುದನ್ನು ನೋಡುವುದು ಅಲ್ಲಿಗೆ ಹೋದವರ ರೂಢಿಯಾಗಿತ್ತು. ಈಗ ಅದೇ ಹೊತ್ತಿಗೆ ಜೀಪುಗಳು ಸಾಲುಗಟ್ಟಿ ಎದುರಿನ ದಿಣ್ಣೆಗೆ ಹೋಗುತ್ತವೆ. ಅಲ್ಲಿ ಚಹಾ, ತಿಂಡಿ, ಜೀಪಿನ ಮೇಲೆ ಕುಳಿತು ಫೋಟೊ. ಆಮೇಲೆ ಕಪ್ಪು ಲಾವಾದ ಮೇಲೊಂದು ಸುತ್ತು. ಪೂರ್ವ ಜಾವಾದ ಬ್ರೋಮೋದಲ್ಲಂತೂ ಜೀಪೇ ಮುಖ್ಯ ದಾರಿ. 2770 ಮೀಟರ್ ಎತ್ತರದ ಪೆನಂಜಾಕನ್ ದಿಣ್ಣೆಯಲ್ಲಿ ಬೆಳಗಿನ ಜಾವಕ್ಕೆ ಜನ ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತಾರೆ.

ಕರ್ನಾಟಕದಲ್ಲಿ ಉರಿಯುವ ಬೆಟ್ಟವಿಲ್ಲ. ಆದರೆ ಈ ವ್ಯಾಪಾರ ಇಲ್ಲೂ ಇದೆ. ಮಡಿಕೇರಿಯಿಂದ ಮಾಂದಲಪಟ್ಟಿಗೆ, ಕೊಲ್ಲೂರು ಮತ್ತು ನಿಟ್ಟೂರಿನ ಕಡೆಯಿಂದ ಕೊಡಚಾದ್ರಿಗೆ ಜೀಪು ಹೋಗುತ್ತದೆ. 2008ರಲ್ಲಿ ‘ಗಾಳಿಪಟ’ ಸಿನಿಮಾ ಬಂದ ಮೇಲೆ ಮಾಂದಲಪಟ್ಟಿಗೆ ‘ಮುಗಿಲುಪೇಟೆ’ ಎಂಬ ಎರಡನೆಯ ಹೆಸರೇ ಹುಟ್ಟಿತು. ಪೇಟೆ ಎಂಬ ಮಾತು ಆಮೇಲೆ ಅಕ್ಷರಶಃ ನಿಜವೂ ಆಯಿತು. ನಮ್ಮ ಮಂಡ್ಯ ಜಿಲ್ಲೆಯಲ್ಲಿ ಇದರ ಎರಡು ರೂಪಗಳನ್ನೂ ನೋಡಬಹುದು. ಪಾಂಡವಪುರದ ಕುಂತಿಬೆಟ್ಟಕ್ಕೆ ರಾತ್ರಿ ಚಾರಣಕ್ಕೆಂದು ಬೆಂಗಳೂರಿನಿಂದ ವ್ಯಾನುಗಳು ಬರುತ್ತವೆ. ಅಲ್ಲಿ ಬಂಡೆ ಹತ್ತಿಯೇ ಹೋಗಬೇಕು. ಶ್ರೀರಂಗಪಟ್ಟಣದ ಕರಿಘಟ್ಟಕ್ಕೆ ಮೆಟ್ಟಿಲೂ ಇದೆ, ಮೇಲಿನತನಕ ರಸ್ತೆಯೂ ಇದೆ. ಒಂದೇ ಬೆಟ್ಟ, ಒಂದೇ ಸೂರ್ಯ. ಮೆಟ್ಟಿಲು ಹತ್ತಿ ಬೆವರಿದವನೂ ಕಾರಿನಿಂದ ಇಳಿದವನೂ ಅಕ್ಕಪಕ್ಕ ನಿಂತು ಲೋಕಪಾವನಿ ಕಾವೇರಿ ಸೇರುವ ಬಯಲನ್ನು ನೋಡುತ್ತಾರೆ. ಬೆವರಿದವನು ಇನ್ನೊಬ್ಬನನ್ನು ಒಮ್ಮೆ ಓರೆಗಣ್ಣಿನಿಂದ ನೋಡುತ್ತಾನೆ. ನಮ್ಮ ಪ್ರವಾಸ ಬರಹಗಳಲ್ಲಿ ಈ ಓರೆಗಣ್ಣೇ ವಿಮರ್ಶೆಯ ಸ್ಥಾನದಲ್ಲಿ ಕುಳಿತಿದೆ.

ಭಾನುವಾರದ ಪುರವಣಿಗಳಲ್ಲಿ ಬರುವ ಚಾರಣದ ಲೇಖನಗಳನ್ನು ಓದಿದವರಿಗೆ ಅದರ ಧಾಟಿ ಗೊತ್ತು. ಕಷ್ಟಪಟ್ಟು ಹತ್ತಿದವನಿಗಷ್ಟೇ ಬೆಟ್ಟ ಒಲಿಯುತ್ತದೆ, ವಾಹನದಲ್ಲಿ ಬಂದವನು ಬರೀ ಗಿರಾಕಿ. ಈ ವಾದದಲ್ಲಿ ಒಂದು ತಮಾಷೆಯಿದೆ. ಹಾಗೆ ಬರೆದವನು ಬೆಟ್ಟದ ಬುಡಕ್ಕೆ ಬಂದದ್ದು ನೂರು ಕಿಲೋಮೀಟರಿಗೂ ಹೆಚ್ಚು ದೂರ ವ್ಯಾನಿನಲ್ಲಿ ಕುಳಿತು. ಕೊನೆಯ ಎರಡು ಕಿಲೋಮೀಟರು ಮಾತ್ರ ಕಾಲಿನದು. ನೂರ ಇಪ್ಪತ್ತು ಕಿಲೋಮೀಟರಿನ ಪೆಟ್ರೋಲು ಪಾಪವಲ್ಲ, ಕೊನೆಯ ಎರಡು ಕಿಲೋಮೀಟರಿನದು ಮಾತ್ರ ಪಾಪ ಎಂಬ ನ್ಯಾಯ ನಮಗೆ ಅರ್ಥವಾಗುವುದಿಲ್ಲ. ಕಾಲು ಗಟ್ಟಿಯಿರುವುದು ವಯಸ್ಸಿನ, ಆರೋಗ್ಯದ, ಬಿಡುವಿನ ಭಾಗ್ಯ. ಅದನ್ನು ಗುಣವೆಂದು ಎಣಿಸಿಕೊಂಡರೆ ಮಂಡಿನೋವಿನ ಅಮ್ಮಂದಿರು, ಪೋಲಿಯೊ ಆದವರು, ಎಂಟು ತಿಂಗಳ ಬಸುರಿಯರು ಬೆಳಗು ನೋಡಲು ಅನರ್ಹರಾಗುತ್ತಾರೆ. ಶ್ರವಣಬೆಳಗೊಳದಲ್ಲಿ ಹತ್ತಲಾರದವರನ್ನು ಡೋಲಿಯಲ್ಲಿ ಹೊತ್ತೊಯ್ಯುವವರಿದ್ದಾರೆ. ಡೋಲಿಯಲ್ಲಿ ಕುಳಿತು ಹೋದ ಮುದುಕಿಯ ದರ್ಶನ ಅರೆಬರೆಯಾಯಿತೆಂದು ಯಾರೂ ಹೇಳಿದ್ದು ನಾವು ಕೇಳಿಲ್ಲ. ಭಕ್ತಿಗಿರುವ ಈ ಔದಾರ್ಯ ಚಾರಣಕ್ಕೆ ಯಾಕಿಲ್ಲ?

ಇನ್ನೂ ಒಂದು ಮಾತನ್ನು ಜೀಪಿನ ಪರವಾಗಿ ಹೇಳಬೇಕು. ಬಾತೂರಿನ ತುದಿಯಲ್ಲಿ ನಿಂತವನಿಗೆ ಸರೋವರ ಕಾಣುತ್ತದೆ, ಆಚೆಯ ಅಗುಂಗ್ ಪರ್ವತ ಕಾಣುತ್ತದೆ. ಬಾತೂರ್ ಮಾತ್ರ ಕಾಣುವುದಿಲ್ಲ. ಅದು ಅವನ ಕಾಲ ಕೆಳಗಿದೆ. ಎದುರು ದಿಣ್ಣೆಯಲ್ಲಿ ಜೀಪಿನಿಂದ ಇಳಿದವನಿಗೆ ಜ್ವಾಲಾಮುಖಿಯ ಇಡೀ ಆಕಾರ ಬೆಳಕಿಗೆ ಬರುತ್ತದೆ. ಪೆನಂಜಾಕನ್‌ನಲ್ಲೂ ಹಾಗೆಯೇ: ಮುಂದೆ ಹೊಗೆಯಾಡುವ 2329 ಮೀಟರಿನ ಬ್ರೋಮೋ, ಹಿಂದೆ ಜಾವಾದಲ್ಲೇ ಎತ್ತರವಾದ 3676 ಮೀಟರಿನ ಸೆಮೆರು. ಕುಂತಿಬೆಟ್ಟದ ಜೋಡಿಶಿಖರವೂ ಹತ್ತಿದವರಿಗಿಂತ ತೊಣ್ಣೂರಿನ ಕಡೆಯ ರಸ್ತೆಯಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುವವನಿಗೇ ಚೆನ್ನಾಗಿ ಕಾಣುತ್ತದೆ. ಹತ್ತುವುದು ಒಂದು ಅನುಭವ, ನೋಡುವುದು ಇನ್ನೊಂದು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದೇ ತಪ್ಪು.

ಹಾಗಾದರೆ ಜೀಪಿನ ಸೂರ್ಯೋದಯದ ಬಗ್ಗೆ ನಮ್ಮ ತಕರಾರೇನು? ಅದು ಕಾಲಿನ ತಕರಾರಲ್ಲ. ಮೊದಲನೆಯದು ಕಣ್ಣಿನದು.

ಸೂರ್ಯೋದಯವೆಂದರೆ ಸೂರ್ಯ ಕಾಣಿಸಿಕೊಳ್ಳುವ ಕ್ಷಣವೆಂದು ಕ್ಯಾಮರಾ ನಮಗೆ ಕಲಿಸಿದೆ. ಬಿಂಬ ಅಂಚು ದಾಟಿ ಪೂರ್ತಿ ಮೇಲೆ ಬರಲು ಬೇಕಾದದ್ದು ಎರಡು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಬೆಳಗಾಗುವ ಕೆಲಸ ಅದಕ್ಕೆ ಒಂದೂಕಾಲು ಗಂಟೆ ಮೊದಲೇ, ಸೂರ್ಯ ದಿಗಂತದಿಂದ ಹದಿನೆಂಟು ಡಿಗ್ರಿ ಕೆಳಗಿರುವಾಗಲೇ ಶುರುವಾಗಿರುತ್ತದೆ. ಫಜ್ರ್ ನಮಾಝಿನ ಹೊತ್ತು ಗೊತ್ತುಮಾಡಲು ಹಿಂದಿನವರು ಎರಡು ಬೆಳಗುಗಳನ್ನು ಬೇರ್ಪಡಿಸಿದ್ದರು. ಮೂಡಣದಲ್ಲಿ ಮೇಲ್ಮುಖವಾಗಿ ಕಂಬದಂತೆ ನಿಲ್ಲುವ ಮಸುಕು ಬೆಳಕು ಸುಳ್ಳು ಬೆಳಗು; ಅಂಚಿನುದ್ದಕ್ಕೂ ಅಡ್ಡಕ್ಕೆ ಹರಡಿಕೊಳ್ಳುವುದು ನಿಜವಾದ ಬೆಳಗು. ಮೊದಲನೆಯದು ಗ್ರಹಗಳ ನಡುವಿನ ಧೂಳಿನ ಮೇಲೆ ಬಿದ್ದು ಚದುರಿದ ಬಿಸಿಲು ಎಂದು ಖಗೋಳದವರು ವಿವರಿಸುತ್ತಾರೆ. ಗಡಿಯಾರವಿಲ್ಲದ ಕಾಲದಲ್ಲಿ ಮರುಭೂಮಿಯ ಜನ ಬರಿಗಣ್ಣಿನಲ್ಲಿ ಕಂಡುಕೊಂಡ ವ್ಯತ್ಯಾಸ ಇದು. ಇಂದು ಬೆಳಗು ನೋಡಲೆಂದೇ ದುಡ್ಡು ಕೊಟ್ಟು ಹೋದ ನೂರು ಜನರಲ್ಲಿ ಎಷ್ಟು ಜನಕ್ಕೆ ಇದು ಕಂಡೀತು?

ಕಾಣದಿರಲು ಕಾರಣ ಅವರ ಸೋಮಾರಿತನವಲ್ಲ. ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಒಂದು ಹೆಡ್‌ಲೈಟು ಮುಖಕ್ಕೆ ಹೊಡೆದರೆ ಆ ಅರ್ಧ ಗಂಟೆ ಮತ್ತೆ ಮೊದಲಿನಿಂದ. ಜೀಪುಗಳು ಒಂದರ ಹಿಂದೊಂದು ಬಂದು ನಿಲ್ಲುವ ದಿಣ್ಣೆಯಲ್ಲಿ ಕತ್ತಲೆಯೇ ಇರುವುದಿಲ್ಲ, ಕತ್ತಲೆ ಇಲ್ಲದ ಮೇಲೆ ಬೆಳಗಾಗುವುದು ಎಲ್ಲಿಂದ? ಉಳಿಯುವುದು ಕೊನೆಯ ಎರಡು ನಿಮಿಷದ ಬಿಂಬ ಮಾತ್ರ. ಚಾರಣಿಗರೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಹಣೆಗೆ ದೀಪ ಕಟ್ಟಿಕೊಂಡು, ಬ್ಲೂಟೂತ್ ಸ್ಪೀಕರಿನಲ್ಲಿ ಹಾಡು ಹಾಕಿಕೊಂಡು ಹತ್ತುವ ಗುಂಪುಗಳ ಬಳಿ ಸುಳಿಯಲು ಸುಳ್ಳು ಬೆಳಗಿಗೂ ಧೈರ್ಯವಾಗದು.

ಮಂಡ್ಯದ ರೈತನಿಗೆ ಈ ಒಂದೂಕಾಲು ಗಂಟೆ ಹೊಸದಲ್ಲ. ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದಾಗ ಕಬ್ಬಿನ ಗದ್ದೆಗೆ ನೀರು ಕಟ್ಟಲು ಹೋದವನು, ನಸುಕಿನಲ್ಲೇ ಆಲೆಮನೆಯ ಒಲೆಗೆ ಸಿಪ್ಪೆ ತುಂಬುವವನು, ಕತ್ತಲಲ್ಲೇ ಹಾಲು ಕರೆದು ಡೇರಿಗೆ ಹೊರಡುವವಳು ಇದನ್ನು ದಿನವೂ ಕಾಣುತ್ತಾರೆ. ‘ಹೊತ್ತು ಹುಟ್ಟೋದ ನೋಡಕ್ಕೆ ಇಷ್ಟ್ ದೂರ ಬಂದ್ರಾ?’ ಎಂದು ಅವರು ಕೇಳಿದರೆ ಅದು ಅರಸಿಕತನವಲ್ಲ. ಅವರು ನೋಡುವ ಬೆಳಗಿಗೆ ಬೆಟ್ಟದ ಅಗತ್ಯವಿಲ್ಲ. ಬೇಂದ್ರೆಯವರ ‘ಬೆಳಗು’ ಕವಿತೆಗೂ ಇರಲಿಲ್ಲ. ಆದರೆ ಇದನ್ನು ಹಳ್ಳಿಯ ಸೊಬಗೆಂದು ಹಾಡಿ ಹೊಗಳುವುದೂ ಬೇಡ. ರಾತ್ರಿ ಹಾವು ಚೇಳಿನ ನಡುವೆ ನೀರು ಕಟ್ಟುವವನಿಗೆ ಹಗಲು ಕರೆಂಟು ಕೊಟ್ಟರೆ ಅವನು ಸಂತೋಷವಾಗಿ ಸೂರ್ಯೋದಯವನ್ನು ಬಿಟ್ಟುಕೊಟ್ಟು ಮಲಗುತ್ತಾನೆ.

ಎರಡನೆಯ ತಕರಾರು ದಾರಿಯದು. ವಾಹನ ವೇಗವಾದಷ್ಟೂ ನಡುವಿನ ಊರುಗಳು ಅಳಿಸಿಹೋಗುತ್ತವೆ. ಇದನ್ನು ಮದ್ದೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಮದ್ದೂರಿನ ವಡೆ, ಚನ್ನಪಟ್ಟಣದ ಗೊಂಬೆ ಬೈಪಾಸಿನ ಪಕ್ಕಕ್ಕೆ ಸರಿದವು. ಕುಂತಿಬೆಟ್ಟಕ್ಕೆ ಹೋಗುವ ವ್ಯಾನಿನವನಿಗೆ ಈಗ ಮದ್ದೂರೂ ಇಲ್ಲ, ಮಂಡ್ಯವೂ ಇಲ್ಲ. ಬೆಂಗಳೂರಿನ ಆಚೆ ನೇರವಾಗಿ ಬೆಟ್ಟ. ಜೀಪು ಬೆಟ್ಟದ ಮೇಲೆ ಮಾಡುವುದೂ ಇದನ್ನೇ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಸಸ್ಯಶಾಸ್ತ್ರದ ಮೇಷ್ಟರು ವಿದ್ಯಾರ್ಥಿಗಳನ್ನು ಕರೆದುಕೊಂಡು ಘಟ್ಟ ಸುತ್ತಿದ ಆ ಪುಸ್ತಕದಲ್ಲಿ ತುದಿ ಮುಟ್ಟುವ ಆತುರವೇ ಇಲ್ಲ. ಒಂದು ಗಿಡದ ಬಳಿ ಅಧ್ಯಾಯ ನಿಂತುಬಿಡುತ್ತದೆ. ಲೇಖಕರೇ ಬಿಡಿಸಿದ ಎಲೆ ಹೂವುಗಳ ಚಿತ್ರಗಳಿವೆ. ಅವರೂ ವಾಹನ ಹತ್ತಿದವರೇ. ಆದರೆ ಎಲ್ಲಿ ಇಳಿಯಬೇಕೆಂಬುದನ್ನು ವಾಹನ ತೀರ್ಮಾನಿಸಲಿಲ್ಲ, ಗಿಡ ತೀರ್ಮಾನಿಸಿತು. ಇಂದಿನ ಪ್ಯಾಕೇಜಿನಲ್ಲಿ ಇಳಿಯುವ ಜಾಗ ಮೊದಲೇ ಗೊತ್ತಾಗಿರುತ್ತದೆ, ಫೋಟೊದ ಕೋನವೂ ಸೇರಿ.

ಮೂರನೆಯದು ನಮಗೆ ಎಲ್ಲಕ್ಕಿಂತ ದೊಡ್ಡದು. ಈ ಬರಹಗಳಲ್ಲಿ, ಚಿತ್ರಗಳಲ್ಲಿ ಮನುಷ್ಯರು ಎಲ್ಲಿ ಹೋದರು?

ಬಾತೂರಿನ ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುವ ಲಾವಾ ಸುಮ್ಮನೆ ಬಿದ್ದ ಕಪ್ಪು ಕಲ್ಲಲ್ಲ. 1926ರಲ್ಲಿ ಬೆಟ್ಟ ಉಕ್ಕಿ ಬುಡದಲ್ಲಿದ್ದ ಬಾತೂರ್ ಎಂಬ ಊರನ್ನೇ ಮುಚ್ಚಿತು. ಜನ ತಮ್ಮ ದೇವಾಲಯದೊಂದಿಗೆ ಮೇಲಿನ ಅಂಚಿಗೆ ಹೋಗಿ ಊರು ಕಟ್ಟಿಕೊಂಡರು. ಬ್ರೋಮೋದ ಸುತ್ತ ತೆಂಗರ್ ಜನರಿದ್ದಾರೆ. ಮುಸ್ಲಿಮರೇ ಹೆಚ್ಚಿರುವ ಜಾವಾದಲ್ಲಿ ಹಿಂದೂ ಆಚರಣೆ ಉಳಿಸಿಕೊಂಡವರು. ವರ್ಷಕ್ಕೊಮ್ಮೆ ಕಸಡ ಹಬ್ಬದಲ್ಲಿ ತರಕಾರಿ, ಕೋಳಿ, ಆಡುಗಳನ್ನು ಕುಳಿಗೆ ಅರ್ಪಿಸುತ್ತಾರೆ. ಕುಳಿಯ ಒಳಗೋಡೆಯಲ್ಲಿ ಬಲೆ ಹಿಡಿದು ನಿಂತ ಬಡವರು ಅದನ್ನು ಹಿಡಿದುಕೊಳ್ಳುತ್ತಾರೆ. ಇಷ್ಟು ಕಥೆಯಿರುವ ಬೆಟ್ಟ ಜಾಹೀರಾತಿನಲ್ಲಿ ಬರೀ ಹಿನ್ನೆಲೆ ಪರದೆ. 2023ರ ಸೆಪ್ಟೆಂಬರಿನಲ್ಲಿ ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳಲು ಬಂದವರು ಹೊತ್ತಿಸಿದ ಬಣ್ಣದ ಹೊಗೆಬತ್ತಿಯಿಂದ ಅಲ್ಲಿಯ ನೂರಾರು ಹೆಕ್ಟೇರ್ ಹುಲ್ಲುಗಾವಲು ಸುಟ್ಟುಹೋಯಿತು. ಪರದೆಯೆಂದು ತಿಳಿದರೆ ಬೆಂಕಿ ಹಚ್ಚಲು ಕೈ ಹಿಂಜರಿಯುವುದಿಲ್ಲ.

ಮಾಂದಲಪಟ್ಟಿಯ ಹಾದಿಯ ಮಕ್ಕಂದೂರು, ಹೆಬ್ಬೆಟ್ಟಗೇರಿಗಳನ್ನು 2018ರ ಆಗಸ್ಟಿನಲ್ಲಿ ನಾಡೆಲ್ಲ ಟೀವಿಯಲ್ಲಿ ನೋಡಿತು. ಗುಡ್ಡ ಜಾರಿ ಮನೆ ತೋಟಗಳು ಹೋದವು. ಆ ದುರಂತಕ್ಕೆ ಜೀಪು ಕಾರಣವೆಂದು ನಾವು ಹೇಳುತ್ತಿಲ್ಲ. ಆದರೆ ಅದೇ ಹಾದಿಯ ಮೇಲೆ ಬರೆದ ಪ್ರವಾಸ ಲೇಖನಗಳಲ್ಲಿ ಮಂಜು, ಹಸಿರು, ಮ್ಯಾಗಿ ಎಲ್ಲ ಬರುತ್ತವೆ, ಆ ಊರಿನವರು ಬರುವುದಿಲ್ಲ. ಜೀಪಿನ ಚಾಲಕ ಬಂದರೂ ಅವನ ಕೈಚಳಕಕ್ಕಷ್ಟೇ ಹೊಗಳಿಕೆ. ಒಂದು ಸುತ್ತಿಗೆ ಅವನಿಗೆ ಉಳಿಯುವುದೆಷ್ಟು, ಗಾಡಿ ಅವನದೋ ಸಾಲ ಕೊಟ್ಟವನದೋ, ಮಳೆಗಾಲದಲ್ಲಿ ಅವನು ಏನು ಮಾಡುತ್ತಾನೆ, ಯಾರೂ ಕೇಳುವುದಿಲ್ಲ. ಚಾರಣದವರು ಅವನನ್ನು ಖಳನನ್ನಾಗಿ ಮಾಡುತ್ತಾರೆ, ಪ್ಯಾಕೇಜಿನವರು ಸ್ಟೇರಿಂಗಿನ ಒಂದು ಭಾಗವಾಗಿ. ಜೀಪಿನ ಗಾಲಿ ಹುಲ್ಲನ್ನು ಸೀಳಿ ಚರಂಡಿ ಮಾಡುತ್ತದೆ, ಮಳೆನೀರು ಅಲ್ಲೇ ಹರಿದು ಮಣ್ಣು ಕೊಚ್ಚುತ್ತದೆ ಎಂಬುದು ನಿಜ. ಅದನ್ನು ತಡೆಯುವುದು ಗಾಡಿಗಳ ಲೆಕ್ಕ ಇಡಬೇಕಾದವರ ಕೆಲಸ. ಮುಳ್ಳಯ್ಯನಗಿರಿಗೆ 2025ರಲ್ಲಿ ಮುಂಗಡ ನೋಂದಣಿ, ವಾಹನಗಳಿಗೆ ಮಿತಿ ಬಂತು. ಜೀಪೇ ಹೋಗದ ಕುಮಾರಪರ್ವತದಲ್ಲೂ 2024ರ ಜನವರಿಯಲ್ಲಿ ಸಾವಿರಾರು ಚಾರಣಿಗರು ಒಟ್ಟಿಗೆ ನುಗ್ಗಿ, ಅರಣ್ಯ ಇಲಾಖೆ ಚಾರಣವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಕಾಲಿಗೂ ಲೆಕ್ಕ ಬೇಕು ಎಂದಾಯಿತು.

ಜೀಪಿನ ಹುಟ್ಟಿನ ಬಗ್ಗೆಯೂ ಒಂದು ಮಾತು. ಎರಡನೆಯ ಮಹಾಯುದ್ಧಕ್ಕಾಗಿ ತಯಾರಾದ ವಿಲ್ಲಿಸ್ ಜೀಪನ್ನು ನಮ್ಮಲ್ಲಿ 1947ರಲ್ಲಿ ಜೋಡಿಸಲು ಶುರುಮಾಡಿದ ಕಂಪನಿ 1945ರಲ್ಲಿ ಹುಟ್ಟಿದಾಗ ಅದರ ಹೆಸರು ಮಹೀಂದ್ರಾ ಅಂಡ್ ಮೊಹಮ್ಮದ್. ಪಾಲುದಾರ ಗುಲಾಮ್ ಮೊಹಮ್ಮದ್ ವಿಭಜನೆಯ ನಂತರ ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಕಂಪನಿ ಮಹೀಂದ್ರಾ ಅಂಡ್ ಮಹೀಂದ್ರಾ ಆಯಿತು. ಕೊಡಚಾದ್ರಿಯ ಏರಿನಲ್ಲಿ ಏದುಸಿರು ಬಿಡುವ ಗಾಡಿಯ ಹಿಂದೆ ಇಂಥದೊಂದು ಒಡಕಿನ ಕಥೆಯಿದೆ. ದಂಡಿನ ಗಾಡಿ ಆಮೇಲೆ ಎಸ್ಟೇಟಿನದಾಯಿತು, ಹಳ್ಳಿಯ ಬಸ್ಸಾಯಿತು, ಈಗ ಬೆಳಗನ್ನು ತೋರಿಸುವ ಗಾಡಿಯಾಗಿದೆ. ರಸ್ತೆಯಿಲ್ಲದ ಕಾಡೂರುಗಳಿಂದ ಬಸುರಿಯರನ್ನು ಆಸ್ಪತ್ರೆಗೆ ತಂದದ್ದೂ ಇವೇ ಜೀಪುಗಳು.

ಈ ಗಾಡಿಗೂ ಕಾಲ ಮುಗಿಯುತ್ತಿರಬಹುದು. ನಂದಿಬೆಟ್ಟದ ರೋಪ್‌ವೇಗೆ 2023ರಲ್ಲಿ ಶಂಕುಸ್ಥಾಪನೆಯಾಗಿದೆ. ಕೇಂದ್ರದ ಪರ್ವತಮಾಲಾ ಯೋಜನೆಯಲ್ಲಿ ಕೊಲ್ಲೂರಿನಿಂದ ಕೊಡಚಾದ್ರಿಗೂ ತಂತಿಯ ಪ್ರಸ್ತಾಪವಿದೆ. ಅದು ಬಂದರೆ ಜೀಪಿನ ಚಾಲಕರು ಏನು ಮಾಡಬೇಕೆಂಬ ಪ್ರಶ್ನೆ ಯೋಜನೆಯ ಕಡತದಲ್ಲಿ ಇರಬೇಕಾದದ್ದು. ಅವರು ಸುಮ್ಮನಿರಲಾರರು. ಗಾಜಿನ ಪೆಟ್ಟಿಗೆಯಲ್ಲಿ ತೇಲಿ ಹೋದರೆ ಬೆಟ್ಟ ಕಂಡಂತಾಯಿತೇ, ನಿಜವಾದ ಬೆಟ್ಟ ನೋಡಬೇಕಾದರೆ ಜೀಪಿನಲ್ಲೇ ಬನ್ನಿ ಎಂದು ಅವರೂ ಬೋರ್ಡು ಬರೆಸುತ್ತಾರೆ.