ವಿದ್ಯಾರ್ಥಿವೇತನದ ಗುಮಾಸ್ತನೂ ನಮ್ಮ ಸಿಟ್ಟೂ

ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಕಾಲೇಜು ಕಚೇರಿಗಳ ಕಿಟಕಿಯೆದುರು ಕೇಳಿಸಿದಷ್ಟು ಸಲ ದೇವಸ್ಥಾನಗಳ ಎದುರೂ ಕೇಳಿಸಿರಲಾರದು. ಸರಕಾರ ಹಣ ಮಂಜೂರು ಮಾಡಿದೆ, ಪತ್ರಿಕೆಯಲ್ಲಿ ಸುದ್ದಿ ಬಂದಿದೆ, ಆದರೆ ಸ್ಕಾಲರ್‌ಶಿಪ್ ಸೆಕ್ಷನ್ನಿನ ಗುಮಾಸ್ತ 'ಮುಂದಿನ ವಾರ ಬಾ' ಎನ್ನುತ್ತಾನೆ. ಬಡ ಹುಡುಗ ಬರಿಗೈಯಲ್ಲಿ ಬಸ್ ಹತ್ತುತ್ತಾನೆ. ನಮ್ಮ ಕಥೆಗಳಲ್ಲಿ, ಭಾಷಣಗಳಲ್ಲಿ, ಊರಿನ ಸಭೆಗಳ ಮಾತುಕತೆಯಲ್ಲಿ ಈ ಗುಮಾಸ್ತ ಖಾಯಂ ಖಳನಾಯಕ. ಆ ಹೆಸರು ಅವನಿಗೆ ಸುಮ್ಮನೆ ಬಂದದ್ದೂ ಅಲ್ಲ. ಆದರೆ ಕಳೆದ ಹದಿನೈದಿಪ್ಪತ್ತು ವರ್ಷಗಳಲ್ಲಿ ಕಿಟಕಿಯ ಆಚೆಗಿನ ಕೆಲಸ ಪೂರ್ತಿ ಬದಲಾಗಿದೆ. ಅವನ ಕುರಿತು ಸಮಾಜ ಬರೆದಿಟ್ಟುಕೊಂಡ ಚಿತ್ರ ಮಾತ್ರ ಹಾಗೆಯೇ ಉಳಿದಿದೆ. ಇದರಿಂದಾಗುವ ನಷ್ಟ ಗುಮಾಸ್ತನಿಗಿಂತ ಹೆಚ್ಚಾಗಿ ವಿದ್ಯಾರ್ಥಿಯದು ಎಂಬುದು ನಮ್ಮ ತಕರಾರು.

ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಪರಿಶಿಷ್ಟ ಜಾತಿಯವರಿಗೆ 1944ರಲ್ಲೇ ಆರಂಭವಾಗಿತ್ತು. ಬಹುಕಾಲ ನಡೆದುಬಂದ ಕ್ರಮ ಹೆಚ್ಚುಕಡಿಮೆ ಒಂದೇ. ಅರ್ಜಿ ನಮೂನೆ, ತಹಶೀಲ್ದಾರರ ಆದಾಯ ಪತ್ರ, ಗೆಜೆಟೆಡ್ ಅಧಿಕಾರಿಯ ಸಹಿ ಬಿದ್ದ ಅಂಕಪಟ್ಟಿಯ ಜೆರಾಕ್ಸ್. ಗುಮಾಸ್ತ ಇವನ್ನೆಲ್ಲ ಕಟ್ಟು ಕಟ್ಟಿ ಜಿಲ್ಲಾ ಕಚೇರಿಗೆ ಒಯ್ಯುತ್ತಿದ್ದ. ಹಣ ಕಾಲೇಜಿಗೆ ಬರುತ್ತಿತ್ತು, ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು ಹಂಚುತ್ತಿದ್ದರು. ಅದು ಕೈಗೆ ಸಿಗುವಾಗ ಎಷ್ಟೋ ಸಲ ಪರೀಕ್ಷೆಯೇ ಮುಗಿದಿರುತ್ತಿತ್ತು. ಹಂಚುವಾಗ 'ಚಹಾ ಖರ್ಚು' ಮುರಿದುಕೊಂಡವರಿದ್ದರು, ಜಾತಿ ನೋಡಿ ಮುಖ ಸಿಂಡರಿಸಿದವರಿದ್ದರು. ಅದೇ ಕುರ್ಚಿಯಲ್ಲಿ ಕೂತು, ಕೊನೆಯ ದಿನಾಂಕ ದಾಟಿದ ಅರ್ಜಿಯನ್ನು ಕಟ್ಟಿನ ನಡುವೆ ತುರುಕಿ ಕಳಿಸಿದವರೂ ಇದ್ದರು. ತಡೆಯುವ ಅಧಿಕಾರವೂ ದಾಟಿಸುವ ಅಧಿಕಾರವೂ ಒಂದೇ ಕೈಯಲ್ಲಿತ್ತು.

ಸಾಚಾರ್ ಸಮಿತಿಯ ವರದಿ ಬಂದದ್ದು 2006ರ ನವೆಂಬರಿನಲ್ಲಿ. ಅದರ ಬೆನ್ನಿಗೇ ಅಲ್ಪಸಂಖ್ಯಾತರಿಗೆ ಮೆಟ್ರಿಕ್ ನಂತರದ, ಬಳಿಕ ಮೆಟ್ರಿಕ್ ಪೂರ್ವದ ವಿದ್ಯಾರ್ಥಿವೇತನಗಳು ಬಂದವು. ಮೊತ್ತ ದೊಡ್ಡದೇನಲ್ಲ. ಪರಿಷ್ಕೃತ ದರದಲ್ಲೂ ಪದವಿ ವಿದ್ಯಾರ್ಥಿಗೆ ಬೋಧನಾ ಶುಲ್ಕ ವರ್ಷಕ್ಕೆ ಹೆಚ್ಚೆಂದರೆ 3000 ರೂಪಾಯಿ. ಮನೆಯಿಂದ ಓಡಾಡುವವರಿಗೆ ತಿಂಗಳಿಗೆ 300 ರೂಪಾಯಿ, ಅದೂ ಹತ್ತು ತಿಂಗಳು. ಆದರೂ ಬೀಡಿ ಕಟ್ಟುವ, ಗುಜರಿ ಹೆಕ್ಕುವ ಮನೆಗಳಿಂದ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಹೆಣ್ಣುಮಕ್ಕಳಿಗೆ ಆ ದುಡ್ಡಿನ ತೂಕ ಬೇರೆಯೇ ಇತ್ತು. ಅದು ಬಸ್ ಪಾಸಿನ ಹಣ, ಮದುವೆಯ ಮಾತನ್ನು ಒಂದು ವರ್ಷ ಮುಂದೂಡಲು ಮಗಳ ಕೈಗೆ ಸಿಕ್ಕ ಒಂದು ನೆಪ. ಫಲಾನುಭವಿಗಳು ಹೆಚ್ಚಿದಂತೆ ಕಾಗದದ ಕಟ್ಟು ಸಾಲದಾಯಿತು. 2015ರಲ್ಲಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ ಬಂತು, ಮುಂದೆ ರಾಜ್ಯದ್ದೇ ಆದ ಎಸ್‌ಎಸ್‌ಪಿ ಬಂತು. ಹಣ ಕಾಲೇಜಿಗೆ ಬರುವುದು ನಿಂತು ನೇರ ಖಾತೆಗೆ ಹೋಗತೊಡಗಿತು. ಪೂಜಾರಿಯನ್ನು ದಾಟಿ ದೇವರೇ ಕೊಡುತ್ತಾನೆಂದು ಎಲ್ಲರೂ ಸಂಭ್ರಮಿಸಿದರು.

ಈಗ ಕಾಲೇಜಿನ ಕಂಪ್ಯೂಟರಿನ ಮುಂದೆ ಕೂತಿರುವ ಮನುಷ್ಯನನ್ನು ನೋಡಿ. ಹಲವು ಕಡೆ ಆತ ಹಳೆಯ ಗುಮಾಸ್ತನೂ ಅಲ್ಲ. ಪಾಠದ ನಡುವೆ ಈ ಹೊರೆ ಹೊತ್ತ ಉಪನ್ಯಾಸಕ, ಇಲ್ಲವೇ ಹೊರಗುತ್ತಿಗೆಯ ಆಪರೇಟರ್. ಕೇಂದ್ರದ ಪೋರ್ಟಲ್ ಅವನಿಗೆ ಕೊಟ್ಟಿರುವ ಆಯ್ಕೆಗಳು ಬೆರಳೆಣಿಕೆಯವು: ವೆರಿಫೈ, ಡಿಫೆಕ್ಟ್, ರಿಜೆಕ್ಟ್, ಫೇಕ್. ಒಂದು ವ್ಯವಸ್ಥೆ ಯಾವ ಪದಗಳಲ್ಲಿ ಯೋಚಿಸುತ್ತದೆ ಎಂದು ತಿಳಿಯಲು ಈ ನಾಲ್ಕು ಗುಂಡಿಗಳೇ ಸಾಕು. ಮೂರರಲ್ಲಿ ಸಂಶಯವಿದೆ, ಒಂದರಲ್ಲಿ ಒಪ್ಪಿಗೆ ಇದೆ. ಈ ಹುಡುಗಿಯ ಮನೆ ನನಗೆ ಗೊತ್ತು, ಅಪ್ಪ ಆಸ್ಪತ್ರೆಯಲ್ಲಿದ್ದಾನೆ, ಹದಿನೈದು ದಿನ ಅವಕಾಶ ಕೊಡಿ ಎಂದು ಬರೆಯಲು ಜಾಗವಿಲ್ಲ. ಕಟ್ಟಿನ ನಡುವೆ ತುರುಕಲು ಕಟ್ಟೇ ಇಲ್ಲ. ಲಂಚಕ್ಕೆ ಕಡಿವಾಣ ಬಿದ್ದದ್ದು ನಿಜ, ಅದು ಸಣ್ಣ ಸಾಧನೆಯಲ್ಲ. ಆದರೆ ಲಂಚದ ಬಾಗಿಲನ್ನು ಮುಚ್ಚುವಾಗ ಕರುಣೆಯ ಬಾಗಿಲನ್ನೂ ಅದೇ ಚಿಲಕದಿಂದ ಹಾಕಲಾಯಿತು.

ಇನ್ನು ಹೆಸರಿನ ವಿಷಯ. ನಮ್ಮ ಕನ್ನಡ ಓದುಗರಲ್ಲಿ ಎಷ್ಟು ಮಂದಿ ಇದನ್ನು ಗಮನಿಸಿದ್ದಾರೋ ಕಾಣೆವು. ಶಾಲೆಯ ದಾಖಲಾತಿಯಲ್ಲಿ ಮಹಮ್ಮದ್, ಆಧಾರಿನಲ್ಲಿ ಮೊಹಮ್ಮದ್, ಬ್ಯಾಂಕಿನಲ್ಲಿ ಬರಿಯ 'ಎಂಡಿ'. ಕರಾವಳಿಯ ಹುಡುಗಿ ಮನೆಯಲ್ಲಿ ಫಾತಿಮ, ಅಂಕಪಟ್ಟಿಯಲ್ಲಿ ಫಾತಿಮತ್, ಪಡಿತರ ಚೀಟಿಯಲ್ಲಿ ಬೀಫಾತಿಮ. ಉತ್ತರ ಕರ್ನಾಟಕದ ನದಾಫ, ಮುಲ್ಲಾ, ಮುಜಾವರರ ಮಕ್ಕಳಿಗೆ ಅಡ್ಡಹೆಸರು ಮೊದಲೋ ಕೊನೆಗೋ ಎಂಬ ತಕರಾರು. ಒಂದೇ ಹೆಸರನ್ನು ಅರಬಿ ಮೂಲದಿಂದ ಉರ್ದುವಿಗೆ, ಬ್ಯಾರಿಗೆ, ಕನ್ನಡಕ್ಕೆ, ಅಲ್ಲಿಂದ ಇಂಗ್ಲಿಷಿಗೆ ಇಳಿಸುವಾಗ ಮೇಷ್ಟರು ಒಂದು ಬರೆದರು, ಆಧಾರ್ ಕೇಂದ್ರದವರು ಇನ್ನೊಂದು ಬರೆದರು. ಹಳೆಯ ಗುಮಾಸ್ತ ಇದನ್ನು ನೋಡಿ 'ಎರಡೂ ಇವಳೇ' ಎಂದು ಅಂಚಿನಲ್ಲಿ ಬರೆದು ಸಹಿ ಮಾಡಬಹುದಿತ್ತು. ಹಾಗೆ ಬರೆಯುವುದು ಒಂದು ಬಗೆಯ ಸಾಂಸ್ಕೃತಿಕ ತಿಳಿವಳಿಕೆಯೂ ಆಗಿತ್ತು. ಊರು, ಬೀದಿ, ಭಾಷೆ ಬಲ್ಲವನಿಗೆ ಮಾತ್ರ ಸಾಧ್ಯವಾದದ್ದು. ಯಂತ್ರಕ್ಕೆ ಒಂದು ಅಕ್ಷರ ಹೆಚ್ಚಾದರೆ ಅವಳು ಬೇರೆ ಮನುಷ್ಯಳು. ದಲಿತ, ಹಿಂದುಳಿದ ಮನೆಗಳ ಮಕ್ಕಳಿಗೂ ಈ ಪಾಡು ತಪ್ಪಿದ್ದಲ್ಲ. ಅಪ್ಪನ ಹೆಸರು ಒಂದು ಕಡೆ 'ಹನುಮಪ್ಪ', ಇನ್ನೊಂದು ಕಡೆ 'ಹನಮಪ್ಪ'.

ಹೆಸರು ಹೊಂದಿದರೆ ಖಾತೆಯ ಗೋಳು. ಆಧಾರನ್ನು ಕೊನೆಯದಾಗಿ ಯಾವ ಖಾತೆಗೆ ಜೋಡಿಸಲಾಗಿದೆಯೋ ಹಣ ಅಲ್ಲಿಗೆ ಹೋಗುತ್ತದೆ. ಸಿಮ್ ಕೊಳ್ಳುವಾಗ ಬೆರಳೊತ್ತಿದ ಗ್ರಾಹಕರಿಗೆ ತಿಳಿಯದಂತೆ ಖಾತೆ ತೆರೆದು, ಅಡುಗೆ ಅನಿಲದ ಸಬ್ಸಿಡಿ ಅಲ್ಲಿಗೆ ಹೋಗುತ್ತಿದ್ದ ಸಂಗತಿ 2017ರಲ್ಲಿ ದೇಶಕ್ಕೇ ಗೊತ್ತಾಯಿತು. ವಿದ್ಯಾರ್ಥಿವೇತನ ಓಡುವುದೂ ಅದೇ ಹಳಿಯ ಮೇಲೆ. 'ಹಣ ಬಂದಿಲ್ಲ ಸಾರ್' ಎಂದು ಹುಡುಗ ಕಿಟಕಿಗೆ ಬಂದರೆ, ಬ್ಯಾಂಕಿಗೆ ಹೋಗು ಎನ್ನುವುದರ ಹೊರತು ಅಲ್ಲಿ ಉತ್ತರವಿಲ್ಲ. ಬ್ಯಾಂಕಿನವರು ಕಾಲೇಜಿಗೆ ಹೋಗು ಎನ್ನುತ್ತಾರೆ. ನಡುವೆ ಸಿಗುವವನು ಸೈಬರ್ ಸೆಂಟರಿನವನು. ಪಾಸ್‌ವರ್ಡ್ ಅವನ ಬಳಿ, ಕೆಲವೊಮ್ಮೆ ಒಟಿಪಿ ಬರುವ ಮೊಬೈಲೂ ಅವನದೇ. ಹೊಸ ಪೂಜಾರಿ ಇವನೇ ಇರಬಹುದು. ವ್ಯತ್ಯಾಸವೆಂದರೆ ಇವನಿಗೆ ಸೇವಾ ನಿಯಮವಿಲ್ಲ, ಮೇಲಧಿಕಾರಿಯೂ ಇಲ್ಲ.

ಇಷ್ಟೆಲ್ಲ ಸಂಶಯದಿಂದ ಕಳ್ಳತನವಾದರೂ ನಿಂತಿತೇ? 2023ರ ಆಗಸ್ಟಿನಲ್ಲಿ ಕೇಂದ್ರದ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯವೇ ಹೇಳಿದಂತೆ, ಪರಿಶೀಲಿಸಿದ 1572 ಸಂಸ್ಥೆಗಳಲ್ಲಿ 830 ನಕಲಿ ಅಥವಾ ಭಾಗಶಃ ನಕಲಿ. 2017-18ರಿಂದ ಐದು ವರ್ಷಗಳಲ್ಲಿ ಆದ ನಷ್ಟ 144.83 ಕೋಟಿ ರೂಪಾಯಿ. ತನಿಖೆ ಸಿಬಿಐಗೆ ಹೋಯಿತು. ಇವೆಲ್ಲ ಕಾಗದದ ಕಾಲದ ಲೆಕ್ಕವಲ್ಲ, ಪೋರ್ಟಲ್ ಕಾಲದ್ದು. ಒಂದಕ್ಷರ ತಪ್ಪಿದ ಫಾತಿಮಳನ್ನು ಹಿಡಿದ ಯಂತ್ರಕ್ಕೆ ಇಲ್ಲದ ಕಾಲೇಜು ಕಾಣಿಸಲಿಲ್ಲ. ಪರಿಹಾರವೆಂದು ಬಂದದ್ದು ಸಂಸ್ಥೆಯ ಮುಖ್ಯಸ್ಥರ, ನೋಡಲ್ ಅಧಿಕಾರಿಗಳ ಬೆರಳಚ್ಚು. ಹೀಗೆ ಬಡವನ ನಂತರ ಗುಮಾಸ್ತನೂ ಶಂಕಿತರ ಸಾಲಿಗೆ ಸೇರಿದ. ಇತ್ತ ಯೋಜನೆಗಳೇ ಕುಗ್ಗುತ್ತಿದ್ದವು. 2022ರ ನವೆಂಬರಿನಲ್ಲಿ ಒಂದರಿಂದ ಎಂಟನೆಯ ತರಗತಿಯ ಮಕ್ಕಳನ್ನು ಕೈಬಿಡಲಾಯಿತು, ಮುಂದಿನ ತಿಂಗಳು ಮೌಲಾನಾ ಆಝಾದ್ ಫೆಲೋಶಿಪ್ ನಿಂತಿತೆಂದು ಸಂಸತ್ತಿನಲ್ಲಿ ಹೇಳಲಾಯಿತು. ಆ ತೀರ್ಮಾನಗಳನ್ನು ಕೈಗೊಂಡವರನ್ನು ನಮ್ಮವರು ಕಿಟಕಿಯಲ್ಲಿ ಕಾಣಲಾರರು. ಕಾಣುವವನು ಗುಮಾಸ್ತ, ಬೈಗುಳವೂ ಅವನಿಗೇ.

ಸಮುದಾಯದ ಟ್ರಸ್ಟುಗಳ ಬಗ್ಗೆಯೂ ಎರಡು ಮಾತು. ಸರಕಾರದ ಫಾರಮ್ಮನ್ನೇ ನಕಲು ಮಾಡಿ, ಅದಕ್ಕೆ ವೇದಿಕೆಯ ಮೇಲಿನ ಚೆಕ್ ವಿತರಣೆ, ಮರುದಿನದ ಪತ್ರಿಕೆಗೆ ಫೋಟೋ ಇವನ್ನೂ ಸೇರಿಸಿಕೊಂಡವರಿದ್ದಾರೆ. ಪೋರ್ಟಲ್ ಕನಿಷ್ಠ ಹುಡುಗಿಯನ್ನು ಮೈಕಿನ ಮುಂದೆ ನಿಲ್ಲಿಸುವುದಿಲ್ಲ.

ಹಳೆಯ ನೋಟಿಸ್ ಬೋರ್ಡಿನಲ್ಲಿ ಒಂದು ಅನುಕೂಲವಿತ್ತು. ಮಂಜೂರಾದವರ ಪಟ್ಟಿ ಅಲ್ಲಿ ಅಂಟುತ್ತಿತ್ತು. ತನ್ನ ಹೆಸರಿಲ್ಲದವನು ಪಕ್ಕದವನನ್ನೂ ಕೇಳುತ್ತಿದ್ದ. ಹತ್ತು ಮಂದಿಗೆ ಬಂದಿಲ್ಲವೆಂದಾದರೆ ಹತ್ತು ಮಂದಿಯೂ ಪ್ರಿನ್ಸಿಪಾಲರ ಬಾಗಿಲಿಗೆ ಹೋಗುತ್ತಿದ್ದರು. ಈಗ ಪ್ರತಿಯೊಬ್ಬರೂ ತಮ್ಮ ಮೊಬೈಲಿನಲ್ಲಿ ತಮ್ಮ 'ಸ್ಟೇಟಸ್' ಒಂಟಿಯಾಗಿ ನೋಡಿಕೊಂಡು, ತಪ್ಪು ತಮ್ಮದೇ ಇರಬೇಕೆಂದು ಸುಮ್ಮನಾಗುತ್ತಾರೆ. ಕಾಲೇಜುವಾರು ಎಷ್ಟು ಅರ್ಜಿಗಳಿಗೆ 'ಡಿಫೆಕ್ಟ್' ಬಿತ್ತು, ಅವುಗಳಲ್ಲಿ ಎಷ್ಟು ಮತ್ತೆ ಸಲ್ಲಿಕೆಯಾಗಲೇ ಇಲ್ಲ, ಎಷ್ಟಕ್ಕೆ ಹೆಸರಿನ ಕಾಗುಣಿತವೇ ಕಾರಣ? ಮಾಹಿತಿ ಹಕ್ಕಿನಡಿ ಇಷ್ಟನ್ನು ಕೇಳಲು ಹತ್ತು ರೂಪಾಯಿ ಸಾಕು. ಆ ಅರ್ಜಿ ಬರೆಯಲು ನೆರವಾಗಬಲ್ಲವನು, ಯಾವ ಪಟ್ಟಿ ಯಾವ ಕಚೇರಿಯಲ್ಲಿದೆಯೆಂದು ಬಲ್ಲವನು, ಇವತ್ತಿಗೂ ಆ ಕಿಟಕಿಯ ಆಚೆ ಕೂತಿರುವ ಗುಮಾಸ್ತನೇ.