ಏರುದಾರಿಯ ರಸಿಕರಿಗೆ

ಮನಾಲಿಯಿಂದ ಲೇಹ್‌ಗೆ ಸೈಕಲ್ಲಿನಲ್ಲಿ ಹೋಗಬೇಕೆನ್ನುವವರು ಮೊದಲು ಕೇಳುವುದು ಎತ್ತರದ ಲೆಕ್ಕ. ರೋಹ್ತಾಂಗ್ 3,978 ಮೀಟರ್, ಬಾರಾಲಾಚಾ 4,850ರ ಆಸುಪಾಸು, ತಂಗ್ಲಾಂಗ್ ಲಾ 5,300ಕ್ಕೂ ಮೇಲೆ. ಈ ಅಂಕಿಗಳನ್ನೇ ಬಾಯಿಪಾಠ ಮಾಡಿಕೊಂಡು ಹೊರಟವರಿಗೆ ಪ್ರತಿ ತುದಿಯಲ್ಲೂ ಹಳದಿ ಫಲಕದ ಮುಂದೆ ಒಂದು ಫೋಟೊ ಸಿಗುತ್ತದೆ. ಫಲಕಗಳನ್ನು ಪೂರ್ತಿ ನಂಬುವಂತೆಯೂ ಇಲ್ಲ. ಲೇಹ್‌ನಾಚೆಯ ಖರ್ದುಂಗ್ ಲಾದಲ್ಲಿ ಬಹುಕಾಲ 18,380 ಅಡಿ ಎಂದು ಬರೆದಿತ್ತು. ಜಿಪಿಎಸ್ ಅಳತೆಯಲ್ಲಿ ಅದು ಸುಮಾರು 17,580 ಅಡಿ. ಹಾಗಾಗಿ ಹೊಸಬರಿಗೆ ನನ್ನ ಮೊದಲ ಮಾತು: ಎತ್ತರವನ್ನು ಮರೆತು ಏರನ್ನು ಕೇಳಿಸಿಕೊಳ್ಳಿ.

ಕೇಳಿಸಿಕೊಳ್ಳುವುದು ಉಸಿರಿನಲ್ಲಿ. ಬೆಂಗಳೂರಿನ ಸೈಕ್ಲಿಸ್ಟರ ಗರಡಿಮನೆ ನಂದಿ ಬೆಟ್ಟ. ಅದರ ಕಡಿದಾದ ಕೊನೆಯ ಭಾಗದಲ್ಲಿ ಮೊದಲು ಕೈಕೊಡುವುದು ತೊಡೆ. ಹಿಮಾಲಯದ ಈ ಹೆದ್ದಾರಿ ತುಂಬಿದ ಲಾರಿಗಳು ಹತ್ತಬೇಕಾದ ದಾರಿ, ಅದರ ಏರು ಬಹುಪಾಲು ಸೌಮ್ಯ. ಆದರೆ ತಂಗ್ಲಾಂಗ್ ಲಾದ ಹತ್ತಿರ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟೇ. ಸೌಮ್ಯವಾದ ಏರಿನಲ್ಲೂ ಎದೆ ತಿದಿಯೊತ್ತುತ್ತದೆ. ಅತಿ ಹಗುರ ಗೇರಿಗೆ ಬನ್ನಿ, ಒಂದು ಪೂರ್ತಿ ವಾಕ್ಯ ಆಡಲು ಸಾಧ್ಯವಾಗುವಷ್ಟು ನಿಧಾನಿಸಿ, ಆ ಲಯವನ್ನು ಬಿಡಬೇಡಿ. ಚೀಲಗಳ ಭಾರ ಹೊತ್ತ ಸೈಕಲ್ಲು ಗಂಟೆಗೆ ಐದಾರು ಕಿಲೋಮೀಟರಿಗೆ ಇಳಿದೀತು, ಇಳಿಯಲಿ. ಧಾರವಾಡದ ಬೈಠಕ್ಕುಗಳಲ್ಲಿ ವಿಳಂಬಿತ ಖ್ಯಾಲ್ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದ್ರುತ್ ಯಾವಾಗ ಬರುತ್ತದೋ ಎಂದು ಕಾಯುವವನಿಗೆ ರಾಗ ದಕ್ಕುವುದಿಲ್ಲ.

ಈ ಕಿವಿ ಪಳಗಬೇಕಾದ ಜಾಗ ಗಾಟಾ ಲೂಪ್ಸ್. ಸರ್ಚು ದಾಟಿ ನದಿಬದಿಯ ಸಮತಟ್ಟು ಮುಗಿದೊಡನೆ ರಸ್ತೆ ಗುಡ್ಡದ ಮೈಯನ್ನು ಹಿಡಿದು 21 ತಿರುವುಗಳಲ್ಲಿ ಮೇಲೇರುತ್ತದೆ. ತಿರುವುಗಳೆಲ್ಲ ಒಂದೇ ಬಗೆಯವಲ್ಲ. ನಾವು ರಸ್ತೆಯ ಎಡಬದಿಯಲ್ಲಿ ಸಾಗುವವರು. ಎಡಕ್ಕೆ ಹೊರಳುವಲ್ಲಿ ತಿರುವಿನ ಒಳಬದಿಗೆ ಬೀಳುತ್ತೇವೆ, ಅಲ್ಲಿ ಏರು ಒಮ್ಮೆಲೇ ಕಡಿದಾಗಿ ಮುಂದಿನ ಚಕ್ರ ಅಲ್ಲಾಡುತ್ತದೆ. ಬಲಕ್ಕೆ ಹೊರಳುವಲ್ಲಿ ಹೊರಬದಿಯ ಅಗಲ ಬಳಸು ಸಿಗುತ್ತದೆ, ನಾಲ್ಕಾರು ಉಸಿರಿನ ಬಿಡುವು. ಒಂದು ಬಿಗಿ, ಒಂದು ಸಡಿಲ. ಮೂರನೆಯ ತಿರುವಿನ ಹೊತ್ತಿಗೆ ಈ ತಾಳ ಮೈಗೆ ಹತ್ತುತ್ತದೆ, ಆಮೇಲೆ ಬಿಗಿ ಬರುವ ಮೊದಲೇ ಕಾಲು ಅದಕ್ಕೆ ಅಣಿಯಾಗುತ್ತದೆ. ತಿರುವುಗಳ ನಡುವೆ ನೆಟ್ಟಗೆ ಹತ್ತುವ ಅಡ್ಡದಾರಿಗಳೂ ಕಾಣುತ್ತವೆ. ದಯವಿಟ್ಟು ಅವನ್ನು ಬಿಡಿ. ಸೈಕಲ್ಲು ತಳ್ಳಿಕೊಂಡು ಗಳಿಸಿದ ಹತ್ತು ನಿಮಿಷಕ್ಕೆ ಇಡೀ ರಚನೆಯೇ ಕೈತಪ್ಪುತ್ತದೆ. ಒಂದು ತಿರುವಿನಲ್ಲಿ ನೀರಿನ ಬಾಟಲಿಗಳ ರಾಶಿಯಿದೆ. ಕೆಟ್ಟುನಿಂತ ಲಾರಿಯ ಕಾವಲಿಗೆ ಉಳಿದು, ಬಾಯಾರಿ ಸತ್ತ ಕ್ಲೀನರ್ ಒಬ್ಬನಿಗೆ ದಾರಿಹೋಕರು ಇಡುವ ನೀರು ಅದು ಎಂಬ ಕಥೆಯಿದೆ. ಅಲ್ಲೊಂದು ಗಳಿಗೆ ನಿಲ್ಲಿ.

ಕೊನೆಯ ತಿರುವು ಮುಗಿದರೆ ಪಾಸು ಬಂತೆಂದು ಹಿಗ್ಗಬೇಡಿ. ನಕೀ ಲಾ ಇನ್ನೂ ಮೇಲಿದೆ. ಅದನ್ನು ಹತ್ತಿದರೆ ರಸ್ತೆ ಕೆಳಗಿಳಿಯುತ್ತದೆ, ಇಳಿದದ್ದನ್ನೆಲ್ಲ ಮತ್ತೆ ಏರಿಸಿ ಲಾಚುಂಗ್ ಲಾಗೆ ಒಯ್ಯುತ್ತದೆ. ಹೊಸಬರು ಅಳುವ ಜಾಗ ಇದೇ. ಒಂದೇ ದೊಡ್ಡ ಪಾಸಿಗಿಂತ ಈ ಜೋಡಿ ಪಾಸುಗಳೇ ಹೆಚ್ಚು ಸೊಗಸು ಎಂಬುದು ನನ್ನ ಅಭಿಪ್ರಾಯ: ನಡುವಿನ ಇಳಿತ ಗೊತ್ತಿದ್ದು ಹತ್ತಿದವರಿಗೆ ಅದು ನಷ್ಟವೆನಿಸುವುದಿಲ್ಲ.

ಆದರೂ ಈ ದಾರಿಯಲ್ಲಿ ಒಂದನ್ನೇ ಆರಿಸು ಎಂದರೆ ನಾನು ಬಾರಾಲಾಚಾ ಎನ್ನುತ್ತೇನೆ. ತುದಿಗೆ ತುಸು ಕೆಳಗೆ ಸೂರಜ್ ತಾಲ್, ಭಾಗಾ ನದಿಯ ಹುಟ್ಟು. ಎರಡು ದಿನ ನೀವು ಎದುರಾಗಿ ತುಳಿದು ಬಂದ ಆ ನದಿ ತಾಂಡಿಯಲ್ಲಿ ಚಂದ್ರಾವನ್ನು ಕೂಡಿ ಚೆನಾಬ್ ಆಗುತ್ತದೆ. ತುದಿ ದಾಟಿದರೆ ನೀರು ಉತ್ತರಕ್ಕೆ ಹೊರಳಿ, ಯುನಂ ಆಗಿ, ಸರಪ್ ಸೇರಿ, ಝನ್ಸ್ಕಾರ್‌ಗೆ ಹೋಗುತ್ತದೆ. ಎರಡೂ ದಾರಿಗಳ ನೀರು ಕೊನೆಗೆ ಸಿಂಧುವಿಗೇ. ನಕ್ಷೆ ಹರವಿಕೊಂಡು ಇದನ್ನು ಮೊದಲೇ ತಿಳಿದು ಹತ್ತಿ. ಆಮೇಲೆ ಏರಿನ ಪ್ರತಿ ಬಾಗೂ ಯಾಕೆ ಹಾಗಿದೆ ಎಂಬುದು ಕಣ್ಣಿಗೆ ಬೀಳುತ್ತದೆ.

ಇದೆಲ್ಲ ಸವಿಯಲು ತಲೆ ನೋಯದಿರಬೇಕು. 3,000 ಮೀಟರ್ ಮೇಲೆ, ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬೇಡಿ. ಜಿಸ್ಪಾದಲ್ಲಿ ಒಂದು ರಾತ್ರಿ ಹೆಚ್ಚು ತಂಗಿದರೆ ಕಳೆದುಕೊಳ್ಳುವುದೇನಿಲ್ಲ. ತಲೆನೋವಿನ ಜೊತೆ ವಾಂತಿ, ತೂರಾಟ ಶುರುವಾದರೆ ಹಟ ಬಿಟ್ಟು ಕೆಳಗಿಳಿಯಿರಿ. ಬೆಳಕು ಹರಿಯುವಾಗಲೇ ಹೊರಡಿ: ಬಿಸಿಲೇರಿದಂತೆ ಹಿಮ ಕರಗಿ, ರಸ್ತೆಗಡ್ಡ ಹರಿಯುವ ನಾಲಾಗಳು ಮಧ್ಯಾಹ್ನಕ್ಕೆ ಮೊಣಕಾಲು ಮುಟ್ಟುತ್ತವೆ.

ಇಳಿತವೂ ಪಾಸಿನ ಭಾಗವೇ. ತಂಗ್ಲಾಂಗ್ ಲಾದಿಂದ ರುಮ್ತ್ಸೆಗೆ ರಸ್ತೆ ಸಾವಿರ ಮೀಟರಿಗೂ ಹೆಚ್ಚು ಇಳಿಯುತ್ತದೆ, ಬೆವೆತ ಮೈಗೆ ಆ ಗಾಳಿ ಚಳಿಜ್ವರದಂತೆ ನಾಟುತ್ತದೆ. ಟೂರ್ ದ ಫ್ರಾನ್ಸಿನ ಹಳೆಯ ಸವಾರರು ಪಾಸಿನ ತುದಿಯಲ್ಲಿ ಅಂಗಿಯೊಳಗೆ ದಿನಪತ್ರಿಕೆ ತುರುಕಿಕೊಳ್ಳುತ್ತಿದ್ದರು. ಇಂದಿಗೂ ಅದು ಒಳ್ಳೆಯ ಉಪಾಯ. ಬ್ರೇಕನ್ನು ಒಂದೇ ಸಮ ಒತ್ತಿ ಹಿಡಿಯಬೇಡಿ, ತಿರುವಿಗೆ ಮುಂಚೆ ಒತ್ತಿ, ತಿರುವಿನಲ್ಲಿ ಬಿಡಿ. ಎಲ್ಲಾದರೂ ಎರಡು ಸಲ ನಿಂತು, ಹತ್ತಿದ ದಾರಿಯತ್ತ ತಿರುಗಿ ನೋಡಿ. ಲೇಹ್‌ನ ಹೋಟೆಲ್ಲಿನ ಬಿಸಿನೀರು ಅರ್ಧ ಗಂಟೆ ಕಾದೀತು.