ಹಕ್ಕಿಗೂ ಮೊದಲು ಕೊಂಬೆ ನೋಡಿ

ಹಕ್ಕಿಯ ಚಿತ್ರ ಬಂದ ಕೂಡಲೇ ಎರಡು ಬೆರಳಿಟ್ಟು ಹಿಗ್ಗಿಸಿ, ಗರಿಯ ಎಳೆ ಎಣಿಸಿ, 'ಸೂಪರ್ ಶಾರ್ಪ್' ಎಂದು ಬರೆಯುವವರಿಗಾಗಿ ಈ ಮಾತು. ಅಲ್ಲಿ ನೀವು ಮೆಚ್ಚಿದ್ದು ಲೆನ್ಸನ್ನು. ಚಿತ್ರ ನೋಡುವುದು ಇನ್ನೂ ಬಾಕಿಯಿದೆ.

ಕೊಡಗಿನ ತೋಟಗಳಲ್ಲಿ ಕ್ಯಾಮೆರಾ ಹಿಡಿದವರಿಗೆ ಬರವಿಲ್ಲ. ಆದರೆ ಹಂಚಿಕೊಳ್ಳುವ ಚಿತ್ರಗಳೆಲ್ಲ ಪಾಸ್‌ಪೋರ್ಟ್ ಫೋಟೊಗಳೇ: ನಟ್ಟನಡುವೆ ಹಕ್ಕಿ, ಸುತ್ತ ಹಸಿರು ಮಸುಕು. ಕೆಂಬೆನ್ನಿನ ಕಿರು ಸೂರಕ್ಕಿ ನಮ್ಮ ಪಶ್ಚಿಮ ಘಟ್ಟಕ್ಕೇ ಸೀಮಿತವಾದ ಹಕ್ಕಿ. ಉದ್ದ ಸುಮಾರು 8 ಸೆಂಟಿಮೀಟರ್. ಅದನ್ನು ಚೌಕಟ್ಟಿನ ತುಂಬ ಕೂರಿಸಿದರೆ ಹದ್ದಿಗೂ ಅದಕ್ಕೂ ಅಳತೆಯಲ್ಲಿ ವ್ಯತ್ಯಾಸವೇ ಉಳಿಯದು. ಅದರ ಪುಟ್ಟತನ ತಿಳಿಯಬೇಕಾದರೆ ಪಕ್ಕದಲ್ಲಿ ಹಾಲುವಾಣದ ಕೆಂಪು ಹೂ ಇರಬೇಕು.

ನನ್ನ ಕಣ್ಣು ತೆರೆಸಿದ್ದು ಎರಡು ರಟ್ಟಿನ ತುಂಡು. ಫಿಲ್ಮಿನ ಕಾಲ, ಒಂದು ರೋಲಿಗೆ 36 ಚಿತ್ರ. ವಿರಾಜಪೇಟೆಯ ಸ್ಟುಡಿಯೊದ ಹಿರಿಯರೊಬ್ಬರು ನನ್ನ ಬೆಳ್ಗಣ್ಣದ ಪ್ರಿಂಟಿನ ಮೇಲೆ 'ಎಲ್' ಆಕಾರದ ಎರಡು ರಟ್ಟುಗಳನ್ನಿಟ್ಟು ಸರಿಸುತ್ತ ಹೋದರು. ತೀರ ಹತ್ತಿರ ತಂದಾಗ ಹಕ್ಕಿಗೆ ಅಲ್ಲಾಡಲೂ ಜಾಗವಿರಲಿಲ್ಲ. ಎಡಕ್ಕೆ ಎರಡು ಬೆರಳಷ್ಟು ಬಿಟ್ಟರು ನೋಡಿ, ಪಾಚಿ ಹಿಡಿದ ಕೊಂಬೆ ಕೆಳಗಿನಿಂದ ಏರಿ ಬಂದು, ಹಕ್ಕಿಯನ್ನು ದಾಟಿ, ಅದು ದಿಟ್ಟಿಸುತ್ತಿದ್ದ ಹೂವಿನವರೆಗೂ ಸಾಗಿತು. "ಹಕ್ಕಿ ಎಲ್ಲಿಗೂ ಹೋಗಲ್ಲಪ್ಪ, ನೀನು ಕೊಂಬೆ ನೋಡು" ಎಂದರು. ಈಗಲೂ ನನ್ನ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಕೊಂಬೆ ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿ ಹೊರಗೆ ಹೋಗುತ್ತದೆ ಎಂಬುದನ್ನು ಗಮನಿಸಿ. ಸರಿಯಾಗಿ ಮೂಲೆಗೇ ತಗುಲಿದರೆ ನೋಟ ಅಲ್ಲಿಂದಲೇ ಜಾರಿಹೋಗುತ್ತದೆ, ಕೊಂಚ ಪಕ್ಕಕ್ಕಿರಬೇಕು. ಕವಲೊಡೆಯುವಲ್ಲಿ ಕತ್ತರಿಸಿದರೆ ಆ ತುಂಡು ಕಣ್ಣಿಗೆ ಚುಚ್ಚುತ್ತದೆ. ಇನ್ನು ಕೊಂಬೆ ಋತುವನ್ನೂ ಹೇಳುತ್ತದೆ. ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ಕಾಫಿ ಬೆಳ್ಳಗೆ ಅರಳಿ, ಕೆಲವೇ ದಿನಗಳಲ್ಲಿ ಬಾಡುತ್ತದೆ. ಆ ಗೆಲ್ಲಿನ ಮೇಲೆ ಕುಳಿತ ಸೂರಕ್ಕಿಯ ಸುತ್ತಲಿನ ಹೂವನ್ನೆಲ್ಲ ಕತ್ತರಿಸಿ ಎಸೆಯುವವರಿಗೆ ಏನು ಹೇಳುವುದು!

ಕೊಂಬೆ ಸುಳ್ಳನ್ನೂ ಹೊರಗೆಡಹುತ್ತದೆ. ನೀರಿನ ತೊಟ್ಟಿ ಕಟ್ಟಿ, ಹುಳು ಇಟ್ಟು, ಎದುರಿಗೆ ಗೂಟ ನೆಟ್ಟು, ಮರೆಯಲ್ಲಿ ಕುರ್ಚಿ ಹಾಕಿ ಕೂರುವುದು ಈಗಿನ ಚಾಳಿ. ಇಂದು ಅದೇ ಗೂಟದ ಮೇಲೆ ಮಡಿವಾಳ, ನಾಳೆ ನೊಣಹಿಡುಕ. ಗೂಟ ಕಾಣದಂತೆ ಒತ್ತಿ ಕತ್ತರಿಸಿದ ಆ ಚಿತ್ರಗಳಿಗೇ ಚಪ್ಪಾಳೆ ಹೆಚ್ಚು.

ಹಾಗೆಂದು ಕತ್ತರಿಸುವುದೇ ತಪ್ಪಲ್ಲ. ದೂರದ ಪುಟ್ಟ ಹಕ್ಕಿಗೆ ಅದು ಅನಿವಾರ್ಯ. ಆದರೆ 24 ಮೆಗಾಪಿಕ್ಸೆಲ್ ಚಿತ್ರವನ್ನು ಉದ್ದಗಲ ಎರಡರಲ್ಲೂ ಅರ್ಧ ಮಾಡಿದರೆ ಉಳಿಯುವುದು 6 ಮಾತ್ರ. ರಾಜಹಕ್ಕಿಯ ಗಂಡಿಗೆ ಮೈಗಿಂತ ಉದ್ದದ ಬಾಲ. ಅದನ್ನು ತುಂಡರಿಸಿದ ಚಿತ್ರವನ್ನು ಎರಡನೇ ಸಲ ನೋಡಬೇಡಿ. ಮಳೆಗಾಲದ ಮಂಜನ್ನು ಕಂಪ್ಯೂಟರಿನಲ್ಲಿ ಒರೆಸಿ ತೆಗೆದದ್ದನ್ನೂ ಅಷ್ಟೇ.

ಸಂಡೂರಿನ ಎಂ.ವೈ. ಘೋರ್ಪಡೆಯವರ ಕಪ್ಪುಬಿಳುಪು ವನ್ಯಜೀವಿ ಚಿತ್ರಗಳನ್ನು ಹುಡುಕಿ ನೋಡಿ. ಕಾಡಿಗೆ ಎಷ್ಟು ಜಾಗ ಬಿಡಬೇಕೆಂದು ಅವು ಕಲಿಸುತ್ತವೆ. ಮದುವೆ ಕಾಗದದ ರಟ್ಟಿನಲ್ಲಿ ಎರಡು 'ಎಲ್' ಕತ್ತರಿಸಿಟ್ಟುಕೊಂಡು, ಸಿಕ್ಕ ಚಿತ್ರಗಳ ಮೇಲೆಲ್ಲ ಸರಿಸಿ ಅಭ್ಯಾಸ ಮಾಡಿ. ಇನ್ನು ಮುಂದೆ ಯಾರಾದರೂ ಹಕ್ಕಿಯ ಚಿತ್ರ ತೋರಿಸಿದರೆ, ಅದು ಯಾವ ಮರದ ಮೇಲೆ ಕೂತಿತ್ತು ಎಂದು ಕೇಳಿ. ಉತ್ತರ ಬಂದರೆ ಮಾತು ಮುಂದುವರಿಸಿ.